ಮಚ್ಚೆ ಒದೆಯಲು ಶುರುಮಾಡಿದ ಬೇಸಿಗೆ

ಆ ಕಾಲದಲ್ಲಿ ನಮ್ಮೂರಿನಲ್ಲಿ ಯಾರ ಮನೆಯೂ ಪೂರ್ತಿ ಮುಗಿದಿರುತ್ತಿರಲಿಲ್ಲ. ಗೃಹಪ್ರವೇಶವಾಗಿ ಎಷ್ಟೋ ವರ್ಷ ಕಳೆದ ಮನೆಗಳ ತಾರಸಿಯ ಮೇಲೂ ಕಂಬಿಗಳು ತುಕ್ಕು ಹಿಡಿದು ನೆಟ್ಟಗೆ ನಿಂತಿರುತ್ತಿದ್ದವು. ಈ ವರ್ಷ ನೆಲಕ್ಕೆ ರೆಡ್ ಆಕ್ಸೈಡು, ಬರುವ ವರ್ಷ ಕಿಟಕಿಗೆ ಗ್ರಿಲ್ಲು, ಅದರ ಮುಂದಿನ ವರ್ಷ ಬಚ್ಚಲಿಗೆ ಟೈಲ್ಸು, ಹೀಗೆ ಮನೆ ಅನ್ನುವುದು ನಡೆಯುತ್ತಲೇ ಇರುವ ಕೆಲಸವಾಗಿತ್ತು. ಬೇಸಿಗೆ ರಜೆ ಬಂತೆಂದರೆ ಯಾವುದಾದರೊಂದು ಮನೆಯ ಮುಂದೆ ಮರಳಿನ ರಾಶಿ ಬಿದ್ದಿರುತ್ತಿತ್ತು. ನಾವು ಹುಡುಗಿಯರು ಅದರ ಮೇಲೆ ಗುಬ್ಬಚ್ಚಿ ಗೂಡು ಕಟ್ಟಿ, ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಹೋಳು ಚೀಪುತ್ತ, ಮೇಸ್ತ್ರಿ ಬೈದು ಓಡಿಸುವ ತನಕ ಕೂತಿರುತ್ತಿದ್ದೆವು. ಒದ್ದೆ ಸಿಮೆಂಟಿನ ವಾಸನೆ ಈಗ ಎಲ್ಲಿ ಬಂದರೂ ನನಗೆ ಮೊದಲು ನೆನಪಾಗುವುದು ರಜೆ. ಆಮೇಲೆ ನೆನಪಾಗುವುದು ನಾನು ಐದನೇ ಕ್ಲಾಸು ಮುಗಿಸಿದ ಆ ಬೇಸಿಗೆ.

ನಮ್ಮೂರು ದಾಬಸ್‌ಪೇಟೆಯಿಂದ ಒಳಗೆ, ಹೈವೇಯ ಲಾರಿಗಳ ಸದ್ದು ಗಾಳಿ ತಿರುಗಿದಾಗ ಮಾತ್ರ ಕೇಳುವಷ್ಟು ದೂರದಲ್ಲಿತ್ತು. ಮನೆಯಲ್ಲಿ ನಾವು ನಾಲ್ಕು ಜನ: ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ ಮತ್ತು ನಾನು. ಅಪ್ಪ ದಾಬಸ್‌ಪೇಟೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದ. ಇದ್ದ ಸ್ವಲ್ಪ ಹೊಲದಲ್ಲಿ ರಾಗಿ, ಬದುವಿನ ಪಕ್ಕ ಹಸುವಿಗೆ ಜೋಳದ ಕಡ್ಡಿ. ಹಸುವಿನ ಹೆಸರು ಮಚ್ಚೆ. ಮೈಯೆಲ್ಲ ಕಪ್ಪು, ಹಣೆಯ ಮೇಲೆ ಬಿಳಿಯ ಗುರುತು, ಆದ್ದರಿಂದ ಆ ಹೆಸರು. ಸೀಮೆಹಸುಗಳಿಗೆ ಗುಣ ಇರುವುದಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳಾದರೂ ಮಚ್ಚೆಗೆ ಆ ಮಾತು ಅನ್ವಯಿಸುತ್ತಿರಲಿಲ್ಲ. ಅಮ್ಮ ಕೆಚ್ಚಲಿಗೆ ನೀರು ಚಿಮುಕಿಸುವ ಮೊದಲೇ ಕಾಲು ಅಗಲಿಸಿ ನಿಲ್ಲುತ್ತಿತ್ತು. ಆ ವರ್ಷ ಶಿವರಾತ್ರಿ ಹೊತ್ತಿಗೆ ಕರು ಹಾಕಿತ್ತು. ಗಿಣ್ಣು ಬೀದಿಗೆಲ್ಲ ಹಂಚಿದ್ದೆವು.

ಅಪ್ಪನಿಗೆ ಭಾನುವಾರ ಸುಮ್ಮನೆ ಕೂರಲು ಬರುತ್ತಿರಲಿಲ್ಲ. ಊಟ ಮಾಡುವಾಗಲೂ ಕಣ್ಣು ಗೋಡೆಗಳ ಮೇಲೆ ಓಡಾಡುತ್ತಿರುತ್ತಿತ್ತು. ಇಲ್ಲಿ ಒಂದು ಸ್ಟ್ಯಾಂಡು ಬೇಕು, ಅಲ್ಲಿ ಒಂದು ಕೊಕ್ಕೆ ಬೇಕು. ಆ ಬೇಸಿಗೆ ಫ್ಯಾಕ್ಟರಿಯ ಗೆಳೆಯನೊಬ್ಬನಿಂದ ಡ್ರಿಲ್ ಮಿಷನ್ ಇಸಕೊಂಡು ಬಂದ. ಅಲ್ಲಿಂದ ಮನೆಗೆ ನೆಮ್ಮದಿ ಇರಲಿಲ್ಲ. ಕನ್ನಡಿಗೆ, ಕ್ಯಾಲೆಂಡರಿಗೆ, ಛತ್ರಿಗೆ, ತಾತನ ಫೋಟೋಗೆ ಎಲ್ಲಕ್ಕೂ ತೂತು. ಬೀದಿಯ ಮಕ್ಕಳೆಲ್ಲ ಕಿವಿ ಮುಚ್ಚಿಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಇಟ್ಟಿಗೆಯ ಕೆಂಪು ಪುಡಿ ಅನ್ನದ ತಪ್ಪಲೆಯ ಮೇಲೂ ಕೂರುತ್ತಿತ್ತು.

"ಗೋಡೇನ ಸೊಳ್ಳೆಪರದೆ ಮಾಡ್ಬಿಟ್ಯಲ್ಲೋ," ಎಂದು ಅಜ್ಜಿ ಗೊಣಗಿದರೆ, ಅಪ್ಪ, "ಇನ್ನೊಂದೇ ಒಂದು ಕೆಲ್ಸ ಐತೆ ಕಣವ್ವ, ಕೊಟ್ಟಿಗೆದು," ಎನ್ನುತ್ತಿದ್ದ.

ಹಳೆಯ ಕೊಟ್ಟಿಗೆ ಹಿತ್ತಲಲ್ಲಿ ಸೋಗೆ ಹೊದಿಸಿದ್ದು, ಮಳೆಗೆ ಸೋರುತ್ತಿತ್ತು. ಅದನ್ನು ಕಿತ್ತು, ಮನೆಯ ಹಿಂಗೋಡೆಗೇ ಕಬ್ಬಿಣದ ಆಂಗಲ್ಲುಗಳನ್ನು ಬೋಲ್ಟು ಹಾಕಿ ಬಿಗಿದು, ಮುಂದೆ ಕಬ್ಬಿಣದ ಕಂಬ ನೆಟ್ಟು, ಮೇಲೆ ಶೀಟು ಹೊದಿಸುವುದು ಅಪ್ಪನ ಲೆಕ್ಕಾಚಾರ. ಕೆಳಗೆ ಕಾಂಕ್ರೀಟು ನೆಲ. ಹಸು ಕಟ್ಟಲು ಹಗ್ಗದ ಬದಲು, ಕಂಬದ ಕೊಕ್ಕೆಗೆ ಹೊಸ ಸರಪಣಿ. ಒಂದು ಭಾನುವಾರ ಹಿಂಗೋಡೆಯನ್ನು ಕೊರೆಯಲು ನಿಂತ. ನಾನು ಬೋಲ್ಟುಗಳ ಡಬ್ಬಿ ಹಿಡಿದು ಏಣಿಯ ಕೆಳಗೆ ನಿಂತಿದ್ದೆ. ಇದ್ದಕ್ಕಿದ್ದಂತೆ ಗೋಡೆಯೊಳಗಿನಿಂದ ಟಪ್ ಎಂದು ಸದ್ದಾಯಿತು. ತೂತಿನ ಬಾಯಲ್ಲಿ ನೀಲಿ ಬೆಳಕು ಹಾರಿ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಮಿಷನ್ ನಿಂತಿತು. ಒಳಗೆ ಫ್ಯಾನೂ ನಿಂತಿತು.

ಅಪ್ಪ ಏಣಿಯ ಮೇಲೆ ಮಿಷನ್ ಹಿಡಿದುಕೊಂಡೇ ಅಲ್ಲಾಡದೆ ನಿಂತಿದ್ದ. ಅಮ್ಮ ಓಡಿಬಂದಳು.

"ಏನಾಯ್ತ್ರೀ?"

"ಏನಿಲ್ಲ. ಫ್ಯೂಸು ಹೋಯ್ತು."

"ಗೋಡೆ ಒಳಗಿರೋ ವೈರಿಗೇನಾದ್ರೂ ತಗುಲ್ತೇನೋ. ವೈರಿಂಗ್‌ನವ್ರನ್ನ ಒಂದ್ಸಲ ಕರ್ದು ತೋರ್ಸಿ."

"ಅವ್ನು ಬಂದು ಗೋಡೆ ಪೂರ್ತಿ ಒಡೀಬೇಕು ಅಂತಾನೆ. ನಂಗೊತ್ತಿಲ್ವಾ?"

ಅಪ್ಪ ಫ್ಯೂಸಿಗೆ ಹೊಸ ತಂತಿ ಸುತ್ತಿದ, ಮುಂಚಿನದಕ್ಕಿಂತ ದಪ್ಪನೆಯದು, ಪದೇ ಪದೇ ಹೋಗಬಾರದೆಂದು. ಫ್ಯಾನು ತಿರುಗಿತು. ಹಿತ್ತಲ ಬಲ್ಬಿನ ಸ್ವಿಚ್ಚು ಒತ್ತಿ ನೋಡಿದ, ಹತ್ತಿಕೊಂಡಿತು. "ನೋಡು, ಎಲ್ಲ ಸರಿಗದೆ," ಅಂದ. ಅದೇ ತೂತಿಗೆ ಬೋಲ್ಟು ತೂರಿಸಿ ಬಿಗಿದ. ಸಂಜೆಯ ಹೊತ್ತಿಗೆ ಶೀಟುಗಳು ಮೇಲೇರಿದವು. ನೋಡಲು ಬಂದ ಪಕ್ಕದ ಮನೆಯವರು, "ಏನ್ ನಾಗರಾಜಣ್ಣ, ಹಸೂಗೂ ಬಂಗ್ಲೆ ಕಟ್ಸ್ಬಿಟ್ಟೆ!" ಎಂದದ್ದಕ್ಕೆ ಅಪ್ಪ ಮೀಸೆಯಡಿಯಲ್ಲಿ ನಕ್ಕ.

ಕಾಂಕ್ರೀಟು ಆರಿದ ಮೇಲೆ ಮಚ್ಚೆಯನ್ನು ಹೊಸ ಕೊಟ್ಟಿಗೆಗೆ ಕಟ್ಟಿದೆವು. ಹಗಲೆಲ್ಲ ಸುಮ್ಮನಿತ್ತು. ಸಂಜೆ ಅಮ್ಮ ಹಿತ್ತಲ ಲೈಟು ಹಾಕಿ, ಚಪ್ಪಲಿ ಮೆಟ್ಟಿಕೊಂಡು, ಮಣೆ ತೆಗೆದುಕೊಂಡು ಹಾಲು ಕರೆಯಲು ಕೂತಳು. ಮಚ್ಚೆ ಕಾಲು ಅಗಲಿಸಲಿಲ್ಲ. ಒಂದು ಕಾಲೆತ್ತುವುದು, ಇಳಿಸುವುದು, ಇನ್ನೊಂದು ಕಾಲೆತ್ತುವುದು. ಬಿಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತವರು ಮಾಡುವ ಹಾಗೆ. ಹಾಲು ಬಿಡಲಿಲ್ಲ. ಮೂಗಿನ ಹೊಳ್ಳೆ ಅಗಲವಾಗಿತ್ತು.

"ಹೊಸ ಜಾಗ ಅಲ್ವಾ, ಅಭ್ಯಾಸ ಆಗ್ತದೆ ಬುಡು," ಅಂದಳು ಅಜ್ಜಿ.

ಅಭ್ಯಾಸ ಆಗಲಿಲ್ಲ. ಬೆಳಗಿನ ಜಾವ ಹಾಲು ಕರೆಯುವಾಗ ಒಂದು ರಂಪ, ಸಂಜೆ ಒಂದು ರಂಪ. ಒಂದು ದಿನ ಪಾತ್ರೆ ಒದ್ದು ಹಾಲೆಲ್ಲ ಚೆಲ್ಲಿತು. ಇನ್ನೊಂದು ದಿನ ಅಮ್ಮನ ಮೊಣಕಾಲಿಗೇ ಒದೆ ಬಿತ್ತು. ನೀರಿನ ಬಕೆಟ್ಟಿಗೆ ಬಾಯಿ ಹಾಕಿ ಥಟ್ಟನೆ ತಲೆ ಹಿಂದಕ್ಕೆಳೆಯುತ್ತಿತ್ತು. ಸರಪಣಿಯನ್ನು ಜಗ್ಗಿ ಜಗ್ಗಿ ಕತ್ತು ತರಚಿತು. ಡೈರಿಯ ಹೊತ್ತಿಗೆ ಕ್ಯಾನು ಹಿಡಿದು ಹೋಗುವ ನನಗೆ ಅಲ್ಲಿ ಸಾಲಲ್ಲಿ ನಿಂತವರ ಮಾತು: "ಏನ್ ಪಾಪು, ಇಷ್ಟೇನಾ? ಮಿಕ್ಕಿದ್ದು ನೀನೇ ಕುಡ್ದ್ಯಾ?"

ದನದ ಡಾಕ್ಟ್ರು ಮಧ್ಯಾಹ್ನ ಬಂದರು. ಮಚ್ಚೆ ನೆರಳಲ್ಲಿ ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತ ನಿಂತಿತ್ತು. ಕೆಚ್ಚಲು ಹಿಸುಕಿ ನೋಡಿದರು, ಬಾಯಿ ತೆರೆಸಿ ನೋಡಿದರು, ಜ್ವರ ನೋಡಿದರು. "ಏನೂ ಇಲ್ವಲ್ಲಮ್ಮ, ಒಳ್ಳೆ ಮಗು ತರ ನಿಂತದೆ," ಎಂದು ಟಾನಿಕ್ ಬರೆದುಕೊಟ್ಟು ಹೋದರು. ಆ ಸಂಜೆಯೇ ಅದು ಅಮ್ಮನನ್ನು ಮಣೆಯ ಸಮೇತ ಉರುಳಿಸಿತು.

ಅಜ್ಜಿ ತನಗೆ ತಿಳಿದ ದಾರಿ ಹಿಡಿದಳು. ಮೆಣಸಿನಕಾಯಿ, ಕಲ್ಲುಪ್ಪು ನಿವಾಳಿಸಿ ಒಲೆಗೆ ಹಾಕಿದಳು. ಮನೆಯೆಲ್ಲ ಘಾಟು ತುಂಬಿ ಕೆಮ್ಮಿ ಕೆಮ್ಮಿ ಸಾಕಾಯಿತು. ಅದರ ಮರುದಿನ ಸಂಜೆ ಕರೆಂಟು ಹೋಗಿತ್ತು. ಅಮ್ಮ ಲಾಟೀನು ಇಟ್ಟುಕೊಂಡು ಕೂತಳು. ಮಚ್ಚೆ ಮೊದಲಿನಂತೆ ಕಾಲು ಅಗಲಿಸಿ ನಿಂತು, ಪಾತ್ರೆ ತುಂಬ ಹಾಲು ಕೊಟ್ಟಿತು. ಅಜ್ಜಿ ಜಗುಲಿಯ ಮೇಲೆ ಕೂತು ಬೀದಿಗೆಲ್ಲ ಕೇಳುವಂತೆ, "ನಾನ್ ಹೇಳ್ಲಿಲ್ವಾ, ಕಣ್ಣು ಬಿದ್ದಿತ್ತು," ಅಂದಳು. ಕರೆಂಟು ಬಂದ ಮರುದಿನ ಮತ್ತೆ ಅದೇ ಕಥೆ. ಆಮೇಲೂ ಕರೆಂಟು ಹೋದ ಸಂಜೆಗಳಲ್ಲಿ ಹಸು ಸುಮ್ಮನಿರುತ್ತಿತ್ತು. ಬೆಳಕಿದ್ದರೆ ಜನರ ಕಣ್ಣು ಬೀಳುತ್ತದೆ, ಕತ್ತಲಿದ್ದರೆ ಬೀಳುವುದಿಲ್ಲ ಎಂದು ಅಜ್ಜಿ ಅರ್ಥ ಹೇಳಿದಳು. ನಮಗೂ ಅದು ಸರಿಯೆನ್ನಿಸಿತು.

ಮನೆಯ ತುಂಬ ಒಂದು ಕಿರಿಕಿರಿ ಸೇರಿಕೊಂಡಿತು. ಹೊತ್ತು ಇಳಿಯುತ್ತಿದ್ದಂತೆ ಕುಂಟೆಬಿಲ್ಲೆ ಆಡುತ್ತಿದ್ದವಳು ಅರ್ಧಕ್ಕೇ ಬಿಟ್ಟು ಬರುತ್ತಿದ್ದೆ. ಬಂದರೂ ಹಿತ್ತಲಿಗೆ ಹೋಗಲು ಮನಸ್ಸಿಲ್ಲ, ಒಳಗೆ ಕೂರಲೂ ಆಗದು. ಅಮ್ಮ ಸಾರಿಗೆ ಉಪ್ಪು ಹಾಕಿದಳೋ ಇಲ್ಲವೋ ಮರೆಯುತ್ತಿದ್ದಳು. ಅಪ್ಪ ಫ್ಯಾಕ್ಟರಿಯಿಂದ ಬಂದವನು ಬ್ಯಾಗು ಇಡುವ ಮೊದಲೇ, "ಇವತ್ತೇನ್ ಮಾಡ್ತು?" ಎಂದು ಕೇಳುತ್ತಿದ್ದ. ಉತ್ತರ ಕೇಳಿ ಮುಖ ಬಿಗಿಯುತ್ತಿತ್ತು. ಹಸುವಿಗೆಂದೇ ಅಷ್ಟು ಕಷ್ಟಪಟ್ಟು ಕಟ್ಟಿದ ಕೊಟ್ಟಿಗೆ ಅದು.

ಒಂದು ಸಂಜೆ ಅಪ್ಪನೇ ಅದರ ಹಿಂಗಾಲುಗಳಿಗೆ ಹಗ್ಗ ಬಿಗಿದು, "ಈಗ ಕರಿ," ಎಂದ. ಅಮ್ಮ ಕೂತಳು. ಮಚ್ಚೆ ಒದೆಯಲಾರದೆ ಇಡೀ ಮೈಯನ್ನು ಪಕ್ಕಕ್ಕೆ ಎಸೆಯಿತು. ಅಪ್ಪ ಹಗ್ಗದ ಇನ್ನೊಂದು ತುದಿಯನ್ನು ಮಡಿಸಿ ಬೆನ್ನಿಗೆ ಬಾರಿಸಿದ. ಮತ್ತೆ ಬಾರಿಸಿದ. ಆ ಸದ್ದು ಒದ್ದೆ ಬಟ್ಟೆ ಒಗೆಯುವ ಸದ್ದಿನಂತಿತ್ತು. ಕರು ಮೂಲೆಯಲ್ಲಿ ಅಂಬಾ ಎನ್ನುತ್ತಿತ್ತು.

"ಬುಡ್ರೀ, ಸಾಕು!" ಎಂದು ಅಮ್ಮ ಕೈ ಹಿಡಿದುಕೊಂಡಳು. "ಅದು ಕೊಬ್ಬಿಗೆ ಒದೀತಿಲ್ಲ. ಅದ್ರ ಕಣ್ಣು ನೋಡಿ ಒಂದ್ಸಲ. ಹೆದ್ರಿಕೊಂಡದೆ."

"ಯಾತಕ್ಕೆ ಹೆದ್ರುತ್ತೆ? ಇಲ್ಲೇನು ಹುಲಿ ಐತಾ?"

ಅಮ್ಮ ಬಗ್ಗಿ ಮಚ್ಚೆಯ ಹಿಂಗಾಲಿನ ಹಗ್ಗ ಬಿಚ್ಚತೊಡಗಿದಳು.

ಕೊನೆಗೆ ಮಚ್ಚೆಯನ್ನು ಕೊಟ್ಟುಬಿಡುವುದೆಂದು ಅಪ್ಪ ತೀರ್ಮಾನಿಸಿದ. ಅಜ್ಜಿಯ ತಂಗಿಯ ಮಗ ಶಿವಣ್ಣ ತ್ಯಾಮಗೊಂಡ್ಲು ಕಡೆಯ ಹಳ್ಳಿಯಲ್ಲಿ ದನ ಸಾಕಿಕೊಂಡಿದ್ದ. ಅವನು ಟೆಂಪೋ ತಂದ. "ಒದೆಯೋ ಹಸು ಕಣೋ, ಮೊದ್ಲೇ ಹೇಳಿದ್ದೀನಿ," ಎಂದ ಅಪ್ಪ. ಅಮ್ಮ ಒಳಗೇ ಇದ್ದಳು. ಕರುವನ್ನು ನಾನು ಎತ್ತಿ ಟೆಂಪೋಗೆ ಹತ್ತಿಸಲು ಹೋದರೆ ಅದು ನನ್ನ ಲಂಗವನ್ನು ಬಾಯಲ್ಲಿ ಕಚ್ಚಿಕೊಂಡು ಚೀಪುತ್ತಿತ್ತು. ತಾಯಿ ಮಾತ್ರ ಯಾರೂ ಎಳೆಯದೆಯೇ, ಹಿಂದೆ ತಿರುಗಿ ನೋಡದೆ, ಹಲಗೆಯ ಮೇಲೆ ತಾನಾಗಿ ಹತ್ತಿ ಹೋಯಿತು.

"ನೋಡು, ಎಷ್ಟು ಸಸಾರ ಆಗಿದ್ವು ನಾವು ಅದಕ್ಕೆ," ಅಂದ ಅಪ್ಪ.

ಖಾಲಿ ಕೊಟ್ಟಿಗೆಯಲ್ಲಿ ಅಮ್ಮ ಸೌದೆ ಜೋಡಿಸಿದಳು. ಅಜ್ಜಿ ಹುಣಸೆಹಣ್ಣನ್ನು ಅಲ್ಲೇ ಚಾಪೆಯ ಮೇಲೆ ಹರಡಿ ಒಣಗಿಸಿ, ಹೊತ್ತು ಮುಳುಗುವ ಮೊದಲು ಬುಟ್ಟಿಗೆ ತುಂಬಿ ಒಳಗೆ ತರುತ್ತಿದ್ದಳು. ಹಾಲು ಕರೆಯುವುದಿಲ್ಲವಾದ್ದರಿಂದ ಹಿತ್ತಲ ಲೈಟನ್ನು ಯಾರೂ ಹಾಕುತ್ತಿರಲಿಲ್ಲ. ಮೊದಲ ಮುಂಗಾರು ಮಳೆ ಬಂದ ಸಂಜೆ ಹಾಕಿದೆವು.

ಅಂದು ಮಧ್ಯಾಹ್ನವೇ ಮೋಡ ಕವಿದು ಮಬ್ಬಾಗಿತ್ತು. ಗುಡುಗಿಗೆ ಮುಂಚೆ ಗಾಳಿ ಎದ್ದು ಹಿತ್ತಲ ತುಂಬ ತರಗೆಲೆ ಹಾರಾಡಿದವು. ಆಮೇಲೆ ರಪರಪ ಎಂದು ದಪ್ಪ ಹನಿ. ಇರಚಲು ಕೊಟ್ಟಿಗೆಯ ಒಳಗೂ ಬಡಿಯತೊಡಗಿತು. "ಅಯ್ಯೋ, ನನ್ನ ಹುಣಸೆಹಣ್ಣು!" ಎಂದು ಅಜ್ಜಿ ಬರಿಗಾಲಲ್ಲೇ ಓಡಿದಳು. "ಕತ್ಲೆ ಅತ್ತೆ, ಜಾರೀರಿ," ಎಂದು ಅಮ್ಮ ಅಡುಗೆಮನೆಯ ಬಾಗಿಲ ಪಕ್ಕದ ಸ್ವಿಚ್ಚು ಒತ್ತಿ, ತಾನೂ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ನಾನು ಬಾಗಿಲಲ್ಲಿ ನಿಂತು ಮಳೆ ನೋಡುತ್ತಿದ್ದೆ.

ಅಜ್ಜಿ ಬುಟ್ಟಿ ಎತ್ತಲು ಬಗ್ಗಿ, ಏಳುವಾಗ ಆಸರೆಗೆಂದು ಕಬ್ಬಿಣದ ಕಂಬ ಹಿಡಿದಳು. ಹಿಡಿದವಳು ಬಿಡಲಿಲ್ಲ. ಬಾಯಿ ತೆರೆದಿತ್ತು, ಸದ್ದು ಬರುತ್ತಿರಲಿಲ್ಲ. ಮುಖ ಒಂದು ಕಡೆಗೆ ಎಳೆದುಕೊಂಡಿತ್ತು. ಬುಟ್ಟಿ ಉರುಳಿ ಹುಣಸೆಹಣ್ಣು ನೀರಿನಲ್ಲಿ ಹರಡಿತು. ಅಮ್ಮ ಹತ್ತಿರ ಹೋಗಿ ಕೈ ಚಾಚಿದವಳು ಅಲ್ಲೇ ತಡೆದು, ನನ್ನ ಕಡೆ ತಿರುಗಿ ನಾನೆಂದೂ ಕೇಳಿರದ ದನಿಯಲ್ಲಿ ಕಿರುಚಿದಳು:

"ಲೈಟಾರ್ಸೇ! ಲೈಟಾರ್ಸು!"

ಆ ಬೋರ್ಡಿನಲ್ಲಿ ಹಿತ್ತಲ ಸ್ವಿಚ್ಚು ಯಾವುದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಕ್ಷಣಕ್ಕೆ ಗೊತ್ತಾಗಲಿಲ್ಲ. ಎರಡೂ ಅಂಗೈಯಿಂದ ಸಿಕ್ಕಸಿಕ್ಕಿದ್ದನ್ನೆಲ್ಲ ಬಡಿದೆ. ಅಡುಗೆಮನೆ ಕತ್ತಲಾಯಿತು, ಹಿತ್ತಲೂ ಕತ್ತಲಾಯಿತು. ಅಜ್ಜಿ ಕುಸಿದು ಬಿದ್ದ ಸದ್ದು ಕೇಳಿಸಿತು.

ಅಮ್ಮ ಅವಳನ್ನು ಎಳೆದುಕೊಂಡು ಬಂದು ಅಡುಗೆಮನೆಯ ಹೊಸಿಲಿನ ಮೇಲೆ ಮಲಗಿಸಿ ಎದೆ ನೀವಿದಳು, ಅಂಗಾಲು ಉಜ್ಜಿದಳು. ನಾನು ಅಳುತ್ತ ಪಕ್ಕದ ಮನೆಗೆ ಓಡಿ ಜನ ಕರೆತಂದೆ. ಅಷ್ಟರಲ್ಲಿ ಅಜ್ಜಿ ಕಣ್ಣು ಬಿಟ್ಟಿದ್ದಳು. ಬಲ ಅಂಗೈಯಲ್ಲಿ ಒಂದು ಕಡೆ ಚರ್ಮ ಸುಟ್ಟು ಬೆಳ್ಳಗಾಗಿತ್ತು. ಬಿಸಿ ಕಾಫಿ ಒಂದು ಗುಟುಕು ಇಳಿದ ಮೇಲೆ ಅಮ್ಮನ ಸೆರಗು ಹಿಡಿದು ಮೊದಲು ಅಂದದ್ದು ಇಷ್ಟು:

"ಜಯಾ, ಅದಕ್ಕೂ ಹಿಂಗೇ ಆಗ್ತಿತ್ತೇನೇ?"

ಅಮ್ಮ ಕೈಯಲ್ಲಿದ್ದ ಲೋಟವನ್ನು ನೆಲಕ್ಕಿಟ್ಟಳು. ಲೈಟು ಹಾಕಿದರೆ ಮಾತ್ರ ರಂಪ, ಹಗಲು ಸುಮ್ಮನೆ, ಕರೆಂಟು ಹೋದರೆ ಸುಮ್ಮನೆ. ಎಲ್ಲವೂ ಅವಳ ಮುಖದ ಮೇಲೆ ಒಂದೊಂದಾಗಿ ಹಾದುಹೋದದ್ದು ನನಗೆ ಕಾಣಿಸಿತು. "ದಿನಾ ಹೇಳ್ತಿತ್ತಲ್ಲ ಅತ್ತೆ," ಎಂದು ಗೋಡೆಗೆ ತಲೆ ಒರಗಿಸಿ ಅಳತೊಡಗಿದಳು.

ಸ್ವಲ್ಪ ಹೊತ್ತಿಗೆ ಅಪ್ಪ ಬಂದ. ಮಳೆಯಲ್ಲಿ ನೆನೆದಿದ್ದ. ಅಮ್ಮ ನಡೆದದ್ದನ್ನು ಹೇಳಿದಳು. ಅಪ್ಪ ಅಜ್ಜಿಯ ಕೈ ಬಿಡಿಸಿ ನೋಡಿದ. ಆಮೇಲೆ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು, ಟೆಸ್ಟರು ಹಿಡಿದು ಹಿತ್ತಲಿಗೆ ಹೋಗಿ, "ಲೈಟ್ ಹಾಕು" ಎಂದ. ಟೆಸ್ಟರಿನ ತುದಿಯನ್ನು ಕಂಬಕ್ಕೆ ಇಟ್ಟ. ಅದರೊಳಗಿನ ಪುಟ್ಟ ದೀಪ ಕೆಂಪಗೆ ಹತ್ತಿತು. ಆಂಗಲ್ಲಿಗೆ ಇಟ್ಟ, ಹತ್ತಿತು. ಕೊಕ್ಕೆಯಲ್ಲಿ ನೇತಾಡುತ್ತಿದ್ದ ಸರಪಣಿಗೆ ಇಟ್ಟ, ಅಲ್ಲೂ ಹತ್ತಿತು. ಅಪ್ಪ ಎಷ್ಟು ಹೊತ್ತು ಅದನ್ನು ಹಾಗೇ ಹಿಡಿದು ನಿಂತಿದ್ದನೆಂದರೆ, ಅಮ್ಮನೇ ಹೋಗಿ ಲೈಟು ಆರಿಸಿದಳು.

ಮರುದಿನ ರಜೆ ಹಾಕಿ ವೈರಿಂಗ್‌ನವರನ್ನು ಕರೆಸಿದ. ಆದರೆ ಗೋಡೆಯನ್ನು ಅವರಿಗೆ ಒಡೆಯಲು ಬಿಡಲಿಲ್ಲ. ಉಳಿ ಸುತ್ತಿಗೆ ತೆಗೆದುಕೊಂಡು ತಾನೇ ಒಡೆದ. ಒಳಗಿನ ಪೈಪನ್ನು ಬೋಲ್ಟು ಸೀಳಿಕೊಂಡು ಹೋಗಿತ್ತು. ಹಿತ್ತಲ ಲೈಟಿನ ವೈರಿನ ಮೇಲಿನ ಕೆಂಪು ಹೊದಿಕೆ ಒಂದು ಉಗುರಿನಷ್ಟು ಕೆತ್ತಿಹೋಗಿ ತಾಮ್ರ ಹೊಳೆಯುತ್ತಿತ್ತು. ಅದು ಬೋಲ್ಟಿಗೆ ತಾಗಿಕೊಂಡಿತ್ತು, ಅಷ್ಟೆ. ಲೈಟು ಹಾಕಿದಾಗೆಲ್ಲ ಬೋಲ್ಟಿನಿಂದ ಆಂಗಲ್ಲಿಗೆ, ಕಂಬಕ್ಕೆ, ಸರಪಣಿಗೆ, ಮಚ್ಚೆಯ ಕೊರಳಿಗೆ. ಅಮ್ಮನಿಗೆ ಮಣೆ, ಚಪ್ಪಲಿ ಇದ್ದವು. ಅದಕ್ಕೆ ಗಂಜಲದಲ್ಲಿ ಒದ್ದೆಯಾದ ಕಾಂಕ್ರೀಟಿನ ಮೇಲೆ ನಾಲ್ಕು ಬರಿಗಾಲು.

ಅಜ್ಜಿ ಅಪ್ಪನನ್ನು ಬೈಯಲಿಲ್ಲ. ಕೈ ವಾಸಿಯಾಗುವ ತನಕ ಮುದ್ದೆ ಮುರಿಯಲು ಆಗುತ್ತಿರಲಿಲ್ಲ, ಅಮ್ಮ ತುತ್ತು ಮಾಡಿ ಕೊಡುತ್ತಿದ್ದಳು. ಹಾಗೆ ಉಣ್ಣುತ್ತ ಒಂದು ದಿನ, ಯಾರಿಗೂ ಹೇಳದವಳಂತೆ, "ನಂಗಾದ್ರೆ ಒಂದೇ ಸಲ. ಅದಕ್ಕೆ ಬೆಳಿಗ್ಗೆ ಒಂದ್ಸಲ, ಸಾಯಂಕಾಲ ಒಂದ್ಸಲ," ಅಂದಳು. ಅಪ್ಪ ತಟ್ಟೆಯಲ್ಲೇ ಕೈ ತೊಳೆದು ಎದ್ದ.

ಆ ಭಾನುವಾರ ಅಪ್ಪ ಟಿ.ವಿ.ಎಸ್. ಹತ್ತಿದ. ನಾನೂ ಹಟ ಮಾಡಿ ಹಿಂದೆ ಕೂತೆ. ಮಚ್ಚೆಯನ್ನು ವಾಪಸ್ಸು ಕೇಳುವುದು, ಶಿವಣ್ಣ ಒಪ್ಪಿದರೆ ಅಲ್ಲೇ ಟೆಂಪೋ ಮಾಡಿಕೊಂಡು ಕರೆತರುವುದು ಎಂದು ಮನೆಯಲ್ಲಿ ಮಾತಾಗಿತ್ತು. ಅಮ್ಮ ಬೆಳಿಗ್ಗೆಯೇ ಹಿತ್ತಲಿನ ಹೊಂಗೆಮರದ ಕೆಳಗೆ ನೆಲ ಗುಡಿಸಿ, ಮರದ ಗೂಟ ಹೊಡೆಸಿ, ಹಗ್ಗ ಸಿದ್ಧ ಮಾಡಿದ್ದಳು. ಅಪ್ಪ ದಾರಿಯಲ್ಲಿ ಒಂದು ಚಿಪ್ಪು ಬಾಳೆಹಣ್ಣು ಕೊಂಡ.

ಶಿವಣ್ಣನ ಕೊಟ್ಟಿಗೆ ಮಣ್ಣಿನ ನೆಲದ್ದು. ಅವನ ಹೆಂಡತಿ ಲಕ್ಷ್ಮಕ್ಕ ಮಚ್ಚೆಯ ಕುತ್ತಿಗೆ ತುರಿಸುತ್ತ ನಿಂತಿದ್ದಳು. ಮೈ ತುಂಬಿಕೊಂಡಿತ್ತು, ಕತ್ತಿನ ಗಾಯ ಮಾಯ್ದಿತ್ತು. ಕರು ಅಂಗಳದಲ್ಲಿ ಬಾಲವೆತ್ತಿ ಓಡಾಡುತ್ತಿತ್ತು.

"ಏನ್ ಭಾವ, ಒದೀತದೆ ಅಂದಿದ್ರಿ. ನಮ್ಮ ಚಿಕ್ಕ ಹುಡ್ಗ ಕೆಳ್ಗೆ ನುಗ್ಗಿ ಬಾಯಿಟ್ಟು ಕುಡ್ದ್ರೂ ಸುಮ್ಕಿರ್ತದೆ!" ಎಂದು ನಕ್ಕಳು ಲಕ್ಷ್ಮಕ್ಕ.

ಅಪ್ಪ ಬಾಳೆಹಣ್ಣು ಕೈಯಲ್ಲಿ ಹಿಡಿದು ಎರಡು ಹೆಜ್ಜೆ ಮುಂದೆ ಹೋಗಿ, "ಮಚ್ಚೇ," ಎಂದ.

ಮಚ್ಚೆಯ ದವಡೆ ನಿಂತಿತು. ಕಿವಿ ಎರಡೂ ಈ ಕಡೆ ತಿರುಗಿದವು. ಆಮೇಲೆ ಅದು ಹಿಂದೆ ಹಿಂದೆ ಸರಿಯತೊಡಗಿತು. ಹಗ್ಗ ಬಿಗಿಯಾಗಿ ಇನ್ನು ಸರಿಯಲು ಜಾಗವಿಲ್ಲದಾದಾಗ ಬೆನ್ನು ಬಗ್ಗಿಸಿ, ನಿಂತಲ್ಲೇ ತೆಳ್ಳಗೆ ಸಗಣಿ ಹಾಕಿತು. ಹಿಂಗಾಲು ಒಂದೊಂದಾಗಿ ಎತ್ತಿ ಇಳಿಸುತ್ತಿತ್ತು. ಆ ಕುಣಿತ ನನಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು.

"ಅರೆ, ಹಂಗ್ಯಾಕ್ ಆಡ್ತದೆ ಇವತ್ತು?" ಎಂದಳು ಲಕ್ಷ್ಮಕ್ಕ.

ಅಪ್ಪ ಬಾಳೆಹಣ್ಣನ್ನು ಅವಳ ಕೈಗೆ ಕೊಟ್ಟು ಅಂಗಳಕ್ಕೆ ಬಂದುಬಿಟ್ಟ.

"ಏನಣ್ಣ ಬಂದಿದ್ದು?" ಎಂದು ಶಿವಣ್ಣ ಕೇಳಿದ.

"ಹಿಂಗೇ, ನೋಡ್ಕೊಂಡೋಗಾನ ಅಂತ." ಆಮೇಲೆ ಅಪ್ಪ ಎಲ್ಲವನ್ನೂ ಹೇಳಿದ, ಹಗ್ಗದಲ್ಲಿ ಹೊಡೆದದ್ದನ್ನೂ ಬಿಡದೆ. "ಒದೆಯೋ ಹಸು ಅಂತ ಯಾರ್ ಹತ್ರಾನೂ ಹೇಳ್ಬೇಡ ಕಣೋ. ಅದ್ರದ್ದೇನೂ ತಪ್ಪಿರ್ಲಿಲ್ಲ."

"ವಾಪಸ್ ಬೇಕಾದ್ರೆ ಕರ್ಕೊಂಡೋಗಣ್ಣ, ಅದಕ್ಕೇನಂತೆ."

ಅಪ್ಪ ಕೊಟ್ಟಿಗೆಯ ಕಡೆ ನೋಡಿದ. ಲಕ್ಷ್ಮಕ್ಕ ಸುಲಿದುಕೊಟ್ಟ ಹಣ್ಣನ್ನು ಮಚ್ಚೆ ಆಗಲೇ ತಿನ್ನುತ್ತಿತ್ತು. "ಬ್ಯಾಡ. ಇಲ್ಲೇ ಇರ್ಲಿ," ಅಂದ.

ನಾವು ಬಂದಾಗ ಅಮ್ಮ ಬಾಗಿಲಲ್ಲೇ ಕಲಗಚ್ಚಿನ ಬಕೆಟ್ಟು ಇಟ್ಟುಕೊಂಡು ನಿಂತಿದ್ದಳು. ನಮ್ಮ ಹಿಂದೆ ಟೆಂಪೋ ಬರುತ್ತದೆಂದು ರಸ್ತೆಯ ತಿರುವಿನ ತನಕ ಕಣ್ಣು ಹಾಯಿಸಿ, "ಎಲ್ಲಿ?" ಅಂದಳು.

"ಅಲ್ಲಿ ಚೆನ್ನಾಗದೆ," ಎಂದು ಅಪ್ಪ ಒಳಗೆ ಹೋದ. ಅಮ್ಮ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ. ಅವಳು ಬಕೆಟ್ಟನ್ನು ಹೊತ್ತುಕೊಂಡು ಹೋಗಿ ತೆಂಗಿನ ಬುಡಕ್ಕೆ ಸುರಿದಳು.

ಆಮೇಲೆ ನಮ್ಮ ಮನೆಗೆ ಬೇರೆ ಹಸು ಬರಲಿಲ್ಲ. ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು. ಶಿವಣ್ಣನ ಹೊಲದಲ್ಲಿ ಗೋಡೌನು ಎದ್ದಾಗ ಅವನು ದನಗಳನ್ನೆಲ್ಲ ಮಾರಿದ. ಯಾರ ಯಾರ ಕೈ ದಾಟಿ ಮಚ್ಚೆಯ ಕರು, ಆ ಕರುವಿನ ಕರುಗಳು ಎಲ್ಲಿ ಹೋದವೋ ಅವನಿಗೂ ತಿಳಿಯದು. ನಮ್ಮ ಬೀದಿಯಲ್ಲಿ ಆಗ ಹಸು ಇಲ್ಲದ ಮನೆ ಇರಲಿಲ್ಲ. ಸಂಜೆಯಾದರೆ ಈ ತುದಿಯಿಂದ ಆ ತುದಿಯವರೆಗೆ ಬೂಸದ ವಾಸನೆ, ಪಾತ್ರೆಗೆ ಹಾಲು ಬೀಳುವ ಸದ್ದು. ಈಗ ಆ ಹೊತ್ತಿಗೆ ಫ್ಯಾಕ್ಟರಿ ಬಸ್ಸುಗಳು ಜನರನ್ನು ಇಳಿಸಿ, ಜನರನ್ನು ಹತ್ತಿಸಿಕೊಂಡು ಹೋಗುತ್ತವೆ. ಹಾಲು ಪಾಕೆಟ್ಟಿನಲ್ಲಿ ಬರುತ್ತದೆ.

ನಾನು ನೆಲಮಂಗಲದಲ್ಲಿದ್ದೇನೆ. ಹಬ್ಬಕ್ಕೋ ಭಾನುವಾರಕ್ಕೋ ಊರಿಗೆ ಹೋದಾಗ ನೋಡುತ್ತೇನೆ: ಹೊತ್ತು ಮುಳುಗುತ್ತಿದ್ದಂತೆ ಅಮ್ಮ ಟಿ.ವಿ.ಯ ಮುಂದಿನಿಂದ ಎದ್ದು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಹಿತ್ತಲ ಬಾಗಿಲ ತನಕ ಹೋಗುತ್ತಾಳೆ. ಅಲ್ಲಿ ಮಾಡಬೇಕಾದ್ದು ಏನೂ ಇರುವುದಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು, ಅಗಳಿ ಹಾಕಿಕೊಂಡು ಒಳಗೆ ಬರುತ್ತಾಳೆ.